ವರ್ತಕರ ವರ್ಷ: ದೀಪಾವಳಿಯಿಂದ ಮಾರ್ಚ್ 31ರವರೆಗೆ

ಕರ್ನಾಟಕದ ಪೇಟೆಗಳಲ್ಲಿ ವರ್ಷ ನಾಲ್ಕು ಸಲ ಹುಟ್ಟುತ್ತದೆ. ಯುಗಾದಿಯ ದಿನ ಪಂಚಾಂಗ ಕೇಳುತ್ತಾರೆ. ಮಹಾನವಮಿಗೆ ತಕ್ಕಡಿ, ಯಂತ್ರ, ವಾಹನಗಳಿಗೆ ಆಯುಧಪೂಜೆ. ದೀಪಾವಳಿ ಅಮಾವಾಸ್ಯೆಯ ಸಂಜೆ ಲಕ್ಷ್ಮಿಯ ಮುಂದೆ ಹೊಸ ಲೆಕ್ಕದ ಪುಸ್ತಕ ತೆರೆಯುತ್ತಾರೆ. ಏಪ್ರಿಲ್ 1ಕ್ಕೆ ಆದಾಯ ತೆರಿಗೆಯವರ ವರ್ಷ ಶುರುವಾಗುತ್ತದೆ. ಈ ದಿನಗಳ ಸುತ್ತ ವರ್ತಕರು ತಲೆಮಾರುಗಳಿಂದ ಮಾಡಿಕೊಂಡು ಬಂದಿರುವ ಕೆಲಸ ಎರಡೇ: ಕಳೆದ ವರ್ಷ ಏನು ಉಳಿಯಿತು ಎಂದು ಕೂಡಿ ಕಳೆದು ನೋಡುವುದು, ಬರುವ ವರ್ಷ ಮಳೆ, ಬೆಳೆ, ಧಾರಣೆ ಹೇಗಿದ್ದೀತು ಎಂದು ಅಂದಾಜು ಕಟ್ಟುವುದು. ಮೊದಲನೆಯದಕ್ಕೆ ಪುಸ್ತಕ ಬೇಕು, ಎರಡನೆಯದಕ್ಕೆ ಧೈರ್ಯ ಬೇಕು. ಒಂದು ಕಾಲಕ್ಕೆ ಎರಡೂ ಸುಗ್ಗಿಗೆ ಅಂಟಿಕೊಂಡಿದ್ದವು. ಲೆಕ್ಕ ಕೇಳುವವರು ಬದಲಾದಂತೆ ವರ್ಷದ ಗಡಿಯೂ ಜಾಗ ಬದಲಿಸಿತು.

ಹಳೆಯ ಕಾಲದ ವರ್ತಕರ ಬಗ್ಗೆ ಶಾಸನಗಳು ಬಹಳ ಹೇಳುತ್ತವೆ, ಆದರೆ ಅವರ ಅಂಗಡಿಯ ಲೆಕ್ಕ ಹೇಳುವುದಿಲ್ಲ. ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರು ದಕ್ಷಿಣ ಭಾರತದ ದೊಡ್ಡ ವರ್ತಕ ಸಂಘ. ಸುಮಾತ್ರಾದ ಬಾರೂಸ್‌ನಲ್ಲಿ ಸಿಕ್ಕಿರುವ 1088ರ ತಮಿಳು ಶಾಸನದಲ್ಲೂ ಅವರ ಹೆಸರಿದೆ. ಬಳ್ಳಿಗಾವೆಯಂಥ ಪಟ್ಟಣಗಳ ಶಾಸನಗಳಲ್ಲಿ ಈ ಸಂಘದ ಪ್ರಶಸ್ತಿ ಪುಟಗಟ್ಟಲೆ ಹರಿಯುತ್ತದೆ: ಅವರು ತಿರುಗಿದ ದೇಶಗಳು, ಹೇರಿದ ಸರಕುಗಳು, ನಂಬಿದ ವೀರಬಣಂಜ ಧರ್ಮ. ದೇವಸ್ಥಾನಕ್ಕೆ ದತ್ತಿ ಬಿಡುವಾಗ ಅವರು ಹಣದ ಮೊತ್ತಕ್ಕಿಂತ ಹೇರಿನ ಲೆಕ್ಕ ಹಿಡಿಯುತ್ತಿದ್ದುದೇ ಹೆಚ್ಚು; ಎಲೆಯ ಹೇರಿಗೆ ಇಷ್ಟು, ಅಡಿಕೆಗೆ ಇಷ್ಟು, ಮೆಣಸಿಗೆ ಇಷ್ಟು. ವ್ಯಾಪಾರ ಕುದುರಿದ ವರ್ಷ ದೇವರಿಗೂ ಹೆಚ್ಚು, ಕುದುರದ ವರ್ಷ ಕಡಿಮೆ. ಮುಂದಿನ ವರ್ಷವನ್ನು ಊಹಿಸಲು ಹೋಗದ ಜಾಣ ಕರಾರು ಇದು. ದತ್ತಿಯ ದಿನವಾಗಿ ಸಂಕ್ರಮಣ, ಗ್ರಹಣ, ಅಮಾವಾಸ್ಯೆ, ಹುಣ್ಣಿಮೆಗಳು ಬರುತ್ತವೆ. ಕಾಲವನ್ನು ಶಕವರ್ಷದಿಂದಲೂ ಅರವತ್ತು ಸಂವತ್ಸರಗಳ ಹೆಸರಿನಿಂದಲೂ ಗುರುತಿಸುತ್ತಾರೆ. ವಹಿಗಳಲ್ಲಿ ಸಂವತ್ಸರದ ಹೆಸರು ಬರೆಯುವ ರೂಢಿ ತೀರ ಈಚಿನವರೆಗೂ ಉಳಿದುಕೊಂಡಿತು.

ಅಂಗಡಿಯ ಲೆಕ್ಕ ಏಕೆ ಉಳಿಯಲಿಲ್ಲ ಎಂಬುದಕ್ಕೆ ಒಂದು ಉತ್ತರ ಕಡತದಲ್ಲಿದೆ. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಿದ ಇತಿಹಾಸ ಗ್ರಂಥದಲ್ಲಿ ಕಡತವನ್ನು ಕಣ್ಣಿಗೆ ಕಟ್ಟುವಂತೆ ವರ್ಣಿಸಿದ್ದಾನೆ. ಎಂಟು ಅಂಗುಲದಿಂದ ಒಂದಡಿ ಅಗಲ, ಹನ್ನೆರಡರಿಂದ ಹದಿನೆಂಟು ಅಡಿ ಉದ್ದದ ಹತ್ತಿ ಬಟ್ಟೆಯ ಪಟ್ಟಿ. ಅದರ ಎರಡೂ ಬದಿಗೆ ಇದ್ದಿಲ ಪುಡಿ ಕಲೆಸಿದ ಅಂಟು ಬಳಿದು ಒಣಗಿಸುತ್ತಾರೆ. ಕತ್ತರಿಸದೆ ಸಮ ಅಳತೆಯ ಮಡಿಕೆಗಳಾಗಿ ಮಡಚಿ, ಎರಡು ತುದಿಗೂ ಬಣ್ಣ ಹಚ್ಚಿದ ಮರದ ಹಲಗೆ ಕೂಡಿಸಿದರೆ ಪುಸ್ತಕದ ಆಕಾರ ಬರುತ್ತದೆ. ಬರೆಯುವುದು ಬಳಪದಿಂದ. ಕಪ್ಪು ಬಟ್ಟೆಯ ಮೇಲೆ ಬಿಳಿ ಅಕ್ಷರ ಎದ್ದು ಕಾಣುತ್ತದೆ. ಬೇಡವಾದರೆ ಸ್ಲೇಟಿನಂತೆ ಉಜ್ಜಿ ಅಳಿಸಬಹುದು. ವರ್ತಕರೂ ಅಂಗಡಿಕಾರರೂ ಲೆಕ್ಕಕ್ಕೆ ಇದನ್ನೇ ಬಳಸುತ್ತಿದ್ದರು. ಇಂಥ ಪುಸ್ತಕಕ್ಕೆ ವರ್ಷದ ಕೊನೆ ಎಂದರೆ ಅಕ್ಷರಶಃ ಅಳಿಸುವ ದಿನ: ಬಾಕಿ ಉಳಿದದ್ದನ್ನು ಎತ್ತಿ ಬರೆದುಕೊಂಡರೆ ತೀರಿದ ಲೆಕ್ಕವನ್ನು ಕಾಪಾಡುವ ಅಗತ್ಯವೇ ಇಲ್ಲ. ಶೃಂಗೇರಿಯಂಥ ಮಠಗಳ ಕಡತಗಳು ಉಳಿದವು, ಏಕೆಂದರೆ ಮಠಕ್ಕೆ ಹಳೆಯ ದಾಖಲೆ ಬೇಕಿತ್ತು. ಅಂಗಡಿಗೆ ಬೇಕಿದ್ದುದು ಬಾಕಿಯ ಪಟ್ಟಿ ಮಾತ್ರ.

ಕಾಗದ ಅಗ್ಗವಾದ ಮೇಲೆ ಕಡತದ ಜಾಗಕ್ಕೆ ವಹಿ ಬಂತು. ಕೆಂಪು ಬಟ್ಟೆಯ ಹೊದಿಕೆ, ಉದ್ದನೆಯ ಹಾಳೆ, ದಾರದ ಹೊಲಿಗೆ. ಗೆರೆ ಎಳೆಯುವ ಬದಲು ಹಾಳೆಯನ್ನು ಮಡಚಿ, ಆ ಮಡಿಕೆಯ ಗುರುತನ್ನೇ ಅಂಕಣವಾಗಿ ಬಳಸುವುದು ಹಳೆಯ ಪದ್ಧತಿ. ದಿನದ ವ್ಯವಹಾರವೆಲ್ಲ ಬಂದಂತೆ ಬರೆಯುವುದು ಕಿರ್ದಿಯಲ್ಲಿ; ಅಲ್ಲಿಂದ ಎತ್ತಿ ಒಬ್ಬೊಬ್ಬರ ಹೆಸರಿಗೆ ಹಾಕುವುದು ಖತಾವಣಿಯಲ್ಲಿ. ಬಂದದ್ದು ಜಮಾ, ಹೋದದ್ದು ಖರ್ಚು, ಬೆಳಗಿನ ನಗದು ಆರಂಭ ಶಿಲ್ಕು, ರಾತ್ರಿ ಉಳಿದದ್ದು ಅಖೈರು ಶಿಲ್ಕು. ರಾತ್ರಿ ಶಿಲ್ಕು ತಾಳೆಯಾಗದೆ ಗುಮಾಸ್ತ ಮನೆಗೆ ಹೋಗುವಂತಿರಲಿಲ್ಲ. ವರ್ಷದ ಕೊನೆಗೆ ಎಲ್ಲ ಖಾತೆಗಳ ಬಾಕಿ ಕೂಡಿಸಿ ಅಡಾವೆ ತೆಗೆಯುತ್ತಿದ್ದರು. ಈ ಪದಗಳಲ್ಲಿ ಹೆಚ್ಚಿನವು ಪಾರ್ಸಿ, ಮರಾಠಿಗಳ ದಾರಿಯಿಂದ ಬಂದವು. ಮರಾಠರ ಆಡಳಿತ ಕಂಡ ಬೆಳಗಾವಿ, ಧಾರವಾಡಗಳ ಕಡೆ ಲೆಕ್ಕದ ಬರಹವೂ ಬಹುಕಾಲ ಮೋಡಿ ಲಿಪಿಯಲ್ಲಿ ನಡೆಯಿತು. ಮನೆಯಲ್ಲಿ ಕನ್ನಡ, ವಹಿಯಲ್ಲಿ ಮೋಡಿ ಎಂಬ ಸಾವುಕಾರರು ಆ ಭಾಗದಲ್ಲಿ ವಿರಳವಾಗಿರಲಿಲ್ಲ.

ಹೊಸ ವಹಿ ದೀಪಾವಳಿಗೇ ಏಕೆ? ಕನ್ನಡ ನಾಡಿನ ಶಾಲಿವಾಹನ ಶಕೆ ಚೈತ್ರದಲ್ಲಿ ಬದಲಾಗುತ್ತದೆ. ಕಾರ್ತಿಕ ಪಾಡ್ಯಕ್ಕೆ ಬದಲಾಗುವುದು ಗುಜರಾತಿನ ವಿಕ್ರಮ ಸಂವತ್. ಅಲ್ಲಿನ ವರ್ತಕರಿಗೆ ಹಬ್ಬವೂ ಹೊಸ ವರ್ಷವೂ ಒಂದೇ. ಕಡಲನ್ನು ನಂಬಿದ ಕಛ್‌ನವರು ಇನ್ನೂ ಬೇರೆ, ಅವರ ಹೊಸ ವರ್ಷ ಆಷಾಢ ಬಿದಿಗೆ. ಮುಂಬಯಿ ಪೇಟೆಯಲ್ಲಿ ಗುಜರಾತಿಗಳ ಕೈ ಮೇಲಾಗಿದ್ದರಿಂದ, ಆ ಪೇಟೆಯೊಂದಿಗೆ ವಹಿವಾಟು ಬೆಳೆಸಿದ ಹುಬ್ಬಳ್ಳಿ, ಗದಗ, ಬೈಲಹೊಂಗಲದ ಕಡೆಯವರಿಗೂ ದೀಪಾವಳಿಯ ಲೆಕ್ಕ ಅನುಕೂಲವಾಯಿತು ಎನ್ನುವುದು ಒಂದು ಕಾರಣ. ಹೆಚ್ಚು ಗಟ್ಟಿಯಾದ ಕಾರಣ ಹೊಲದಲ್ಲಿದೆ. ಧಾರವಾಡ ಸೀಮೆಯ ಕಪ್ಪು ನೆಲದ ಹತ್ತಿಯನ್ನು ಬಿತ್ತುವುದು ಆಗಸ್ಟ್-ಸೆಪ್ಟೆಂಬರ್‌ನಲ್ಲಿ, ಬಿಡಿಸುವುದು ಫೆಬ್ರವರಿಯಿಂದ ಮುಂದೆ. ರೈಲು ಬರುವ ಮೊದಲು ಈ ಹತ್ತಿ ಎತ್ತುಗಳ ಮೇಲೂ ಗಾಡಿಗಳಲ್ಲೂ ಘಟ್ಟ ಇಳಿದು ಕುಮಟಾ ಬಂದರು ಸೇರಿ, ಅಲ್ಲಿಂದ ಹಡಗು ಹತ್ತಿ ಮುಂಬಯಿಗೆ ಹೋಗುತ್ತಿತ್ತು. ಕುಮಟಾದಲ್ಲಿ ಒಂದು ಬೊಡ್ಡೆ ಹತ್ತಿಯೂ ಬೆಳೆಯದಿದ್ದರೂ ಪೇಟೆಯಲ್ಲಿ ಆ ತಳಿಗೆ ‘ಕುಮಟಾ’ ಎಂದೇ ಹೆಸರು. ಮಳೆಗಾಲಕ್ಕೆ ಮುಂಚೆ ಮಾಲು ಸಾಗಬೇಕು, ಮಳೆಗಾಲದಲ್ಲಿ ಬಂದರು ಮುಚ್ಚಿರುತ್ತದೆ. ಹಾಗಾಗಿ ದೀಪಾವಳಿಯ ಹೊತ್ತಿಗೆ ಹಳೆಯ ಹತ್ತಿ ಮಾರಿ ಮುಗಿದಿರುತ್ತದೆ, ಹೊಸದು ಇನ್ನೂ ಹೊಲದಲ್ಲಿರುತ್ತದೆ. ಉಗ್ರಾಣ ಖಾಲಿ, ಕೈಯಲ್ಲಿ ಸರಕಿನ ಬದಲು ಹಣ ಅಥವಾ ಉದ್ರಿ. ಸರಕಿಗೆ ಬೆಲೆ ಕಟ್ಟುವ ತಾಪತ್ರಯವಿಲ್ಲದೆ ಲಾಭನಷ್ಟ ತೆಗೆಯಲು ಇದಕ್ಕಿಂತ ಒಳ್ಳೆಯ ಸಮಯ ವರ್ಷದಲ್ಲಿಲ್ಲ. ಭತ್ತ ಮತ್ತು ಅಡಿಕೆಯ ನಾಡಿನಲ್ಲೂ ದೀಪಾವಳಿ ಹೊಸ ಮಾಲಿನ ಹೊಸ್ತಿಲಲ್ಲೇ ಬರುತ್ತದೆ. ಹಬ್ಬ ಮೊದಲೋ ಲೆಕ್ಕ ಮೊದಲೋ ಎಂಬ ಪ್ರಶ್ನೆಗೆ ಇದರಿಂದ ಪೂರ್ತಿ ಉತ್ತರ ಸಿಗದಿದ್ದರೂ, ಪೇಟೆ ಈ ಹಬ್ಬವನ್ನು ಇಷ್ಟು ಗಟ್ಟಿಯಾಗಿ ಹಿಡಿದುಕೊಂಡದ್ದಕ್ಕೆ ಕಾರಣ ಸಿಗುತ್ತದೆ.

ಹಬ್ಬಕ್ಕೆ ವಾರವಿರುವಾಗಲೇ ಅಂಗಡಿಯಲ್ಲಿ ಸುಣ್ಣಬಣ್ಣ, ಗಾದಿಗೆ ಹೊಸ ಹೊದಿಕೆ. ಅಮಾವಾಸ್ಯೆಯ ಸಂಜೆ ಬಾಗಿಲಿಗೆ ಬಾಳೆಕಂಬ, ಕಬ್ಬು, ಚೆಂಡು ಹೂವಿನ ಮಾಲೆ. ಲಕ್ಷ್ಮಿಯ ಪಟದ ಮುಂದೆ ತಿಜೋರಿಯ ಕೀಲಿ, ತಕ್ಕಡಿ, ಸೇರು, ಪಾವು ಮತ್ತು ಹೊಸ ವಹಿ. ವಹಿಯ ಮೊದಲ ಪುಟದ ನೆತ್ತಿಗೆ ಅರಿಸಿನ ಕುಂಕುಮ ಹಚ್ಚಿ ‘ಶ್ರೀ’ ಬರೆದು, ಸ್ವಸ್ತಿಕ ತೆಗೆದು, ಅತ್ತಿತ್ತ ‘ಶುಭ’, ‘ಲಾಭ’ ಬರೆಯುತ್ತಾರೆ. ಕೆಳಗೆ ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರ. ಪುಟದ ಮೇಲೆ ಎಲೆ, ಅಡಿಕೆ, ನಾಣ್ಯ. ಪೂಜೆಯಾದ ಮೇಲೆ ನೆರೆಯಂಗಡಿಯವರಿಗೆ, ಹಮಾಲರಿಗೆ, ದಲಾಲರಿಗೆ ಎಲೆ ಅಡಿಕೆ, ಪೇಢೆ, ಬತ್ತಾಸು, ಚುರುಮುರಿ ಹಂಚುತ್ತಾರೆ. ಆಳುಮಕ್ಕಳಿಗೆ ಬಟ್ಟೆ ಮತ್ತು ಖುಷಿಯ ರೊಕ್ಕ. ಮರುದಿನ ಬಲಿಪಾಡ್ಯಕ್ಕೆ ಶುಭವೇಳೆ ನೋಡಿ ಹೊಸ ವಹಿಯಲ್ಲಿ ಮೊದಲ ಬರಹ. ಆ ದಿನದ ಬೋಣಿ ಉದ್ರಿಯಾಗಬಾರದೆಂಬ ಹಟ ಎಲ್ಲರಿಗೂ ಉಂಟು. ಸಣ್ಣ ಮೊತ್ತವಾದರೂ ಸರಿ, ರೊಕ್ಕವೇ ಬೀಳಬೇಕು. ದಕ್ಷಿಣದ ಮೈಸೂರು, ಬೆಂಗಳೂರಿನ ಪೇಟೆಗಳಲ್ಲಿ ಮಹಾನವಮಿಯ ಆಯುಧಪೂಜೆಗೆ ಹೆಚ್ಚು ತೂಕ. ಕರಾವಳಿಯಲ್ಲಿ ದೀಪಾವಳಿಯ ಅಂಗಡಿಪೂಜೆ ಬಲೀಂದ್ರನ ಹಬ್ಬದ ಜೊತೆ ಸೇರಿಕೊಂಡಿದೆ.

ಪೂಜೆ ಅರ್ಧ ಗಂಟೆಯದು, ವಸೂಲಿ ತಿಂಗಳದ್ದು. ಹಬ್ಬಕ್ಕೆ ಮುಂಚಿನ ವಾರಗಳಲ್ಲಿ ಗುಮಾಸ್ತರು ಹಳ್ಳಿ ಹಳ್ಳಿ ತಿರುಗಿ ಉದ್ರಿ ಎತ್ತುತ್ತಿದ್ದರು. ಕೊಡಲಾಗದವನು ಕನಿಷ್ಠ ಬಾಕಿ ಒಪ್ಪಿ ರುಜು ಹಾಕಬೇಕಿತ್ತು. ಈ ರುಜುವಿಗೆ 1859ರ ಮೇಲೆ ಬೆಲೆ ಏರಿತು. ಆ ವರ್ಷದ ಕಾಲಮಿತಿ ಕಾಯ್ದೆ ಸಾಮಾನ್ಯ ಸಾಲಕ್ಕೆ ಮೂರು ವರ್ಷದ ಗಡುವು ಇಟ್ಟಿದ್ದರಿಂದ, ಬರೆದುಕೊಟ್ಟ ಒಪ್ಪಿಗೆ ಇಲ್ಲದಿದ್ದರೆ ಸಾಲ ಸತ್ತಂತೆಯೇ. ಗಡುವು ಸಾಲಗಾರನ ರಕ್ಷಣೆಗೆಂದು ಬಂದದ್ದು; ಮೂರು ವರ್ಷಕ್ಕೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸಿ ಹೊಸ ಪತ್ರ ಬರೆಸಿಕೊಳ್ಳಲು ಸಾವುಕಾರನಿಗೂ ಅದೇ ನೆವವಾಯಿತು. 1872ರ ಸಾಕ್ಷ್ಯ ಕಾಯ್ದೆಯ 34ನೆಯ ಕಲಂ ಕ್ರಮವಾಗಿ ಇಟ್ಟ ಲೆಕ್ಕದ ಪುಸ್ತಕವನ್ನು ಸಾಕ್ಷ್ಯವೆಂದು ಒಪ್ಪಿತು, ಆದರೆ ಅದೊಂದನ್ನೇ ನಂಬಿ ಯಾರ ಮೇಲೂ ಹೊಣೆ ಹೊರಿಸಬಾರದು ಎಂದಿತು. ಕಾಯ್ದೆ ಬರೆದವರಿಗೆ ವಹಿಯ ಶಕ್ತಿಯೂ ಗೊತ್ತಿತ್ತು, ಗುಮಾಸ್ತನ ಲೇಖನಿಯ ಚಳಕವೂ ಗೊತ್ತಿತ್ತು. 1875ರಲ್ಲಿ ಪುಣೆ ಮತ್ತು ಅಹಮದ್‌ನಗರ ಜಿಲ್ಲೆಗಳ ರೈತರು ದಂಗೆಯೆದ್ದಾಗ ಹುಡುಕಿ ಹುಡುಕಿ ಸುಟ್ಟದ್ದು ಸಾಲಪತ್ರ ಮತ್ತು ಲೆಕ್ಕದ ಪುಸ್ತಕಗಳನ್ನು. ಅದರ ಬೆನ್ನಿಗೆ ಬಂದ 1879ರ ದಖ್ಖನ್ ರೈತರ ಪರಿಹಾರ ಕಾಯ್ದೆ, ಕೊಟ್ಟ ಹಣಕ್ಕೆ ರಸೀದಿ ಪಡೆಯುವ ಹಾಗೂ ವರ್ಷಕ್ಕೊಮ್ಮೆ ಲೆಕ್ಕದ ತಃಖ್ತೆ ಕೇಳುವ ಹಕ್ಕನ್ನು ರೈತನಿಗೆ ಕೊಟ್ಟಿತು. ಅಲ್ಲಿಯವರೆಗೆ ವರ್ಷದ ಲೆಕ್ಕ ಎಂದರೆ ಒಬ್ಬನು ಓದುವುದು, ಇನ್ನೊಬ್ಬನು ಕೇಳಿ ತಲೆಯಾಡಿಸುವುದು.

ಮುಂದಿನ ವರ್ಷದ ಅಂದಾಜಿಗೆ ಪೇಟೆಯ ಮೊದಲ ಆಧಾರ ಯುಗಾದಿಯ ಪಂಚಾಂಗ ಶ್ರವಣ. ದೇವಸ್ಥಾನದಲ್ಲೋ ಸಾವುಕಾರರ ಪಡಸಾಲೆಯಲ್ಲೋ ಜೋಯಿಸರು ವರ್ಷದ ನವನಾಯಕರನ್ನು ಓದಿ ಹೇಳುತ್ತಾರೆ. ಚೈತ್ರ ಶುದ್ಧ ಪಾಡ್ಯ ಯಾವ ವಾರ ಬಂತೋ ಆ ವಾರದ ಗ್ರಹ ರಾಜ. ಮೇಷ ಸಂಕ್ರಮಣದ ವಾರದ ಗ್ರಹ ಮಂತ್ರಿ. ಸೇನೆ, ಸಸ್ಯ, ಧಾನ್ಯ, ಮೇಘಗಳ ಅಧಿಪತಿಗಳೂ ಸೂರ್ಯನ ಚಲನೆಯ ಬೇರೆ ಬೇರೆ ಘಟ್ಟಗಳಿಂದ ಹೀಗೆಯೇ ಗೊತ್ತಾಗುತ್ತಾರೆ. ವರ್ತಕನ ಕಿವಿ ನಿಮಿರುವುದು ಉಳಿದ ಮೂವರ ಹೆಸರು ಬಂದಾಗ. ಅರ್ಘಾಧಿಪತಿ ಬೆಲೆಗಳ ಒಡೆಯ. ರಸಾಧಿಪತಿಯದು ತುಪ್ಪ, ಎಣ್ಣೆ, ಬೆಲ್ಲ. ನೀರಸಾಧಿಪತಿಯ ಪಾಲಿಗೆ ಲೋಹ, ರತ್ನ, ಬಟ್ಟೆ ಮುಂತಾದ ಒಣ ಸರಕು. ಗುರು, ಶುಕ್ರರ ಪಾಲಾದರೆ ಸುಭಿಕ್ಷ. ಶನಿ, ಕುಜರ ಪಾಲಾದರೆ ತುಟ್ಟಿ. ಕೊನೆಗೆ ರಾಶಿವಾರು ಆಯ-ವ್ಯಯ. ಹನ್ನೊಂದು ಆಯ, ಐದು ವ್ಯಯ ಬಂದ ರಾಶಿಯವನು ನಗುತ್ತ ಎದ್ದರೆ, ತಿರುಗುಮುರುಗು ಬಂದವನು ಇಷ್ಟಕ್ಕೆಲ್ಲ ನಂಬಿಕೆ ಇಡಬಾರದೆಂದು ಪಕ್ಕದವನಿಗೆ ಉಪದೇಶ ಮಾಡುತ್ತ ಏಳುತ್ತಾನೆ.

ಮಳೆಯ ಲೆಕ್ಕ ಕೊಳಗದಲ್ಲಿ. ಬಿದ್ದ ಮಳೆಯ ಹತ್ತು ಭಾಗ ಸಮುದ್ರಕ್ಕೆ, ಆರು ಭಾಗ ಬೆಟ್ಟಕ್ಕೆ, ನಾಲ್ಕು ಭಾಗ ನೆಲಕ್ಕೆ ಎಂಬ ಹಂಚಿಕೆ ‘ಕೃಷಿ ಪರಾಶರ’ದಷ್ಟು ಹಳೆಯದು. ಇದನ್ನು ಹವಾಮಾನ ಶಾಸ್ತ್ರವೆಂದು ಓದಬೇಕಾಗಿಲ್ಲ, ಆದರೂ ಸಮುದ್ರಕ್ಕೆ ಹೆಚ್ಚು, ಘಟ್ಟಕ್ಕೆ ಅದಕ್ಕಿಂತ ಕಡಿಮೆ, ಬಯಲಿಗೆ ಇನ್ನೂ ಕಡಿಮೆ ಎಂಬ ಕ್ರಮ ಪಶ್ಚಿಮ ಕರಾವಳಿಯನ್ನು ಕಂಡವರಿಗೆ ಅಪರಿಚಿತವೇನಲ್ಲ. ಮಕರ ಸಂಕ್ರಮಣದಲ್ಲಿ ಇನ್ನೊಂದು ಸೂಚನೆ. ಆ ವರ್ಷದ ಸಂಕ್ರಾಂತಿ ಪುರುಷನ ವಾಹನ, ವಸ್ತ್ರ, ಆಯುಧ, ಆಹಾರಗಳನ್ನು ಪಂಚಾಂಗ ಹೇಳುತ್ತದೆ. ಅವನು ಉಟ್ಟದ್ದು, ಉಂಡದ್ದು, ಮುಡಿದದ್ದೆಲ್ಲ ಆ ವರ್ಷ ತುಟ್ಟಿಯಾಗುತ್ತದೆ ಎಂಬ ನಂಬಿಕೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಸಂಕ್ರಮಣ ಯಾವ ಬಣ್ಣದ ಸೀರೆ ಉಟ್ಟು ಬಂದಾಳೆ ಎಂಬ ವಿಚಾರಣೆ ಇವತ್ತಿಗೂ ಕೇಳಿಸುತ್ತದೆ.

ಗ್ರಹಗಳ ಮಾತಿಗಿಂತ ಜನರಿಗೆ ಹತ್ತಿರವಾದದ್ದು ಕಾರಣಿಕ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಲಕ್ಷಾಂತರ ಜನ ಸೇರುತ್ತಾರೆ. ಉಪವಾಸವಿದ್ದ ಗೊರವಯ್ಯ ಡೆಂಕನಮರಡಿಯಲ್ಲಿ ನೆಟ್ಟ ಎತ್ತರದ ಬಿಲ್ಲನ್ನು ಏರಿ ‘ಸದ್ದಲೇ’ ಎಂದು ಕೂಗಿದರೆ ಇಡೀ ಬಯಲು ಮೌನವಾಗುತ್ತದೆ. ಒಂದೇ ಸಾಲು ನುಡಿದು ಅವನು ಮೇಲಿನಿಂದ ಬೀಳುತ್ತಾನೆ, ಕೆಳಗೆ ನಿಂತವರು ಹಿಡಿದುಕೊಳ್ಳುತ್ತಾರೆ. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ದಸರೆಯ ಹೊತ್ತಿಗೆ ಇಂಥದೇ ಕಾರಣಿಕ. ಮೈಲಾರದ್ದು ಹಿಂಗಾರಿ ಬೆಳೆ ಕೈಗೆ ಬರುವ ಕಾಲ, ದೇವರಗುಡ್ಡದ್ದು ಹಿಂಗಾರಿ ಬಿತ್ತುವ ಕಾಲ. ಎರಡೂ ಪೇಟೆಗೆ ಮುಖ್ಯ. ಸಾಲು ಒಗಟಿನಂತಿರುವುದರಿಂದ ವ್ಯಾಖ್ಯಾನ ಕೇಳುವವರಿಗೆ ಬಿಟ್ಟದ್ದು. ರೈತ ಅದರಲ್ಲಿ ಮಳೆ ಕಾಣುತ್ತಾನೆ, ಹತ್ತಿ ವ್ಯಾಪಾರಿ ಧಾರಣೆ ಕಾಣುತ್ತಾನೆ, ಈಚಿನ ದಶಕಗಳಲ್ಲಿ ಪತ್ರಿಕೆಗಳವರು ಮುಖ್ಯಮಂತ್ರಿ ಕುರ್ಚಿಯನ್ನೇ ಕಾಣುತ್ತಾರೆ. ಧಾರವಾಡದ ಬಳಿಯ ಹನುಮನಕೊಪ್ಪದಲ್ಲಿ ಯುಗಾದಿಯ ಹೊತ್ತಿಗೆ ಹಳ್ಳದ ದಂಡೆಯ ಮೇಲೆ ಮಣ್ಣಿನ ಬೊಂಬೆಗಳನ್ನು ಮಾಡಿಟ್ಟು, ರಾತ್ರಿ ಕಳೆದ ಮೇಲೆ ಅವುಗಳ ಸ್ಥಿತಿ ನೋಡಿ ವರ್ಷದ ಫಲ ಹೇಳುವ ಪದ್ಧತಿಯೂ ಇದೇ ಸಾಲಿನದು.

ಇಷ್ಟೆಲ್ಲ ಕೇಳಿದ ವರ್ತಕ ಇದನ್ನೇ ನಂಬಿ ಹಣ ಹೂಡುತ್ತಿದ್ದನೆ? ವಹಿಗಳ ಸ್ವಭಾವ ನೋಡಿದರೆ ಹಾಗೆ ಕಾಣುವುದಿಲ್ಲ. ಪಂಚಾಂಗಕ್ಕೆ ಕೈಮುಗಿದು ಬಂದವನು ನೆಚ್ಚಿದ್ದು ಮಳೆ ನಕ್ಷತ್ರಗಳನ್ನು ಮತ್ತು ತನ್ನ ಖತಾವಣಿಯನ್ನು. ‘ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ’ ಎಂಬ ಗಾದೆ ಪೇಟೆಯವನಿಗೆ ಬೆಲೆ ಇಳಿಯುವ ಮುನ್ಸೂಚನೆಯೂ ಹೌದು. ಬಿತ್ತನೆ ಬೀಜಕ್ಕೆ ಕಡ ಕೇಳಿ ಬರುವವರು ಎಷ್ಟು, ಮದುವೆಯ ಬಟ್ಟೆಗೆ ರೊಕ್ಕ ಎಣಿಸುವವರು ಎಷ್ಟು, ಒಡವೆ ಬಿಡಿಸಿಕೊಳ್ಳುವವರು ಹೆಚ್ಚೋ ಅಡವಿಡುವವರು ಹೆಚ್ಚೋ ಎಂಬುದರಿಂದ ಊರಿನ ಮುಂದಿನ ಆರು ತಿಂಗಳು ಗೊತ್ತಾಗುತ್ತಿತ್ತು. ಕಳೆದ ವರ್ಷದ ಬಾಕಿ ಪಟ್ಟಿ ಉದ್ದವಾದರೆ ಬರುವ ವರ್ಷದ ಉದ್ರಿ ಮೊಟಕು. ಭವಿಷ್ಯ ಹೇಳುವುದರಲ್ಲಿ ಜೋಯಿಸರಿಗಿಂತ ಹಳೆಯ ಗುಮಾಸ್ತನದೇ ಒಂದು ಕೈ ಮೇಲು.

ಊರಿನ ಬಾಕಿ ಪಟ್ಟಿಯಿಂದ ಊಹಿಸಲಾಗದ ಏರಿಳಿತವನ್ನು ಧಾರವಾಡ ಸೀಮೆ ಮೊದಲ ಬಾರಿಗೆ ದೊಡ್ಡ ಪ್ರಮಾಣದಲ್ಲಿ ಕಂಡದ್ದು 1861ರ ನಂತರ. ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ಲ್ಯಾಂಕಶೈರಿಗೆ ಬರುವುದು ನಿಂತಿತು. 1840ರ ದಶಕದಿಂದ ಧಾರವಾಡದಲ್ಲಿ ಅಮೆರಿಕದ ಬೀಜ ಬಿತ್ತಿಸುತ್ತಿದ್ದ ಕಂಪನಿ ಸರ್ಕಾರದ ಪ್ರಯೋಗಕ್ಕೆ ಅದುವರೆಗೆ ಇಲ್ಲದ ಗಿರಾಕಿ ಒಮ್ಮೆಗೇ ಬಂದ. ಬೆಲೆ ಹಲವು ಪಟ್ಟು ಏರಿತು. ಘಟ್ಟದ ದಾರಿಯಲ್ಲಿ ಹತ್ತಿಯ ಗಾಡಿಗಳು ಸಾಲುಗಟ್ಟಿದವು. ಮುಂಬಯಿಯಲ್ಲಿ ಅದೇ ಹಣ ಷೇರುಗಳ ವಾಯದಾ ಜೂಜಿಗೆ ಇಳಿಯಿತು. ವಾಯದಾ ವ್ಯವಹಾರ ಎಂದರೆ ಮುಂದಿನ ಬೆಲೆಯ ಮೇಲಿನ ಊಹೆಯನ್ನೇ ಇವತ್ತಿನ ಕರಾರಾಗಿ ಬರೆಯುವುದು. 1865ರ ಏಪ್ರಿಲ್‌ನಲ್ಲಿ ಯುದ್ಧ ನಿಂತಿತು. ಜುಲೈ 1ಕ್ಕೆ ಗಡುವು ಬಿದ್ದ ಕರಾರುಗಳನ್ನು ಪೂರೈಸಲಾಗದೆ ಮುಂಬಯಿಯ ಮನೆತನಗಳು ಒಂದರ ಹಿಂದೆ ಒಂದು ಮುಳುಗಿದವು, ಹತ್ತಿಯ ಜಿಲ್ಲೆಗಳಲ್ಲಿ ಸಾಲ ಬಿಗಿಯಾಯಿತು. ಆ ವರ್ಷಗಳ ಪಂಚಾಂಗದಲ್ಲಿ ಅರ್ಘಾಧಿಪತಿ ಯಾರೇ ಇದ್ದಿರಲಿ, ಬೆಲೆ ನಿಂತದ್ದು ವರ್ಜೀನಿಯಾದ ರಣರಂಗದಲ್ಲಿ. ತಂತಿ ಬಂದ ಮೇಲೆ ಹುಬ್ಬಳ್ಳಿಯ ಅಡತಿ ಅಂಗಡಿಯವರು ಬೆಳಿಗ್ಗೆ ಮೊದಲು ಕೇಳುವುದು ಮುಂಬಯಿ ಧಾರಣೆಯನ್ನೇ ಆಯಿತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲು ಗದಗ, ಹುಬ್ಬಳ್ಳಿಗೆ ಬಂದು ಕುಮಟಾ ಬಂದರಿನ ಹತ್ತಿ ವ್ಯಾಪಾರವನ್ನು ಬತ್ತಿಸಿತು.

ಮಳೆಯ ಅಂದಾಜೂ ಇದೇ ಕಾಲದಲ್ಲಿ ಸರ್ಕಾರದ ಕೈಗೆ ಹೋಯಿತು. 1875ರಲ್ಲಿ ಭಾರತದ ಹವಾಮಾನ ಇಲಾಖೆ ಹುಟ್ಟಿತು. ಮರುವರ್ಷವೇ ದಕ್ಷಿಣ ಭಾರತಕ್ಕೆ ಬಡಿದ ಕ್ಷಾಮ 1878ರವರೆಗೆ ನಡೆಯಿತು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ ಸುಮಾರು 50 ಲಕ್ಷವಿದ್ದದ್ದು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಹಿಮಾಲಯದ ಹಿಮದ ಪ್ರಮಾಣ ನೋಡಿ ಮುಂಗಾರನ್ನು ಊಹಿಸುವ, ಇಲಾಖೆಯ ಹೆನ್ರಿ ಬ್ಲ್ಯಾನ್‌ಫೋರ್ಡ್‌ನ ಮೊದಲ ಅಧಿಕೃತ ಮುನ್ಸೂಚನೆ ಹೊರಬಿದ್ದದ್ದು 1886ರ ಜೂನ್ 4ರಂದು. ಈ ಮುನ್ಸೂಚನೆಗಳೂ ಎಷ್ಟೋ ಸಲ ಕೈಕೊಟ್ಟವು. ಪಂಚಾಂಗಕ್ಕಿಲ್ಲದ ಒಂದು ಶಿಸ್ತು ಮಾತ್ರ ಅವಕ್ಕಿತ್ತು: ತಪ್ಪಿದರೆ ಲೆಕ್ಕ ತಿದ್ದಿಕೊಳ್ಳಬೇಕಿತ್ತು.

ಕ್ಷಾಮದ ಗಾಯ ಮಾಯುವ ಮೊದಲೇ, 1881ರಲ್ಲಿ, ಮೈಸೂರಿನ ದಿವಾನ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಕರೆದರು. ದಸರೆಯ ಹೊತ್ತಿಗೆ ಸೇರಿದ ಮೊದಲ ಸಭೆಯಲ್ಲಿ 144 ಮಂದಿ ಇದ್ದರು. ಸದಸ್ಯರು ಆಗ ಚುನಾಯಿತರಲ್ಲ. ಸಂಸ್ಥಾನದ ನಾನಾ ಭಾಗದ ಭೂಮಾಲೀಕರೂ ವರ್ತಕರೂ ಬಂದು ಕೂತಿದ್ದರು. ಅವರ ಮುಂದೆ ದಿವಾನರು ಕಳೆದ ವರ್ಷದ ಆಡಳಿತದ ಫಲವನ್ನೂ ಬರುವ ವರ್ಷದ ಯೋಜನೆಗಳನ್ನೂ ಓದುವ ಸಂಪ್ರದಾಯ ಅಂದಿನಿಂದ ಬೆಳೆಯಿತು. ರೈಲು ದಾರಿ ಎಲ್ಲಿ ಹೋಗುತ್ತದೆ, ಯಾವ ಸುಂಕ ಏರುತ್ತದೆ ಎಂಬುದನ್ನು ವರ್ತಕ ಜೋಯಿಸರ ಬದಲು ದಿವಾನರ ಭಾಷಣದಲ್ಲಿ ಹುಡುಕತೊಡಗಿದ. ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ 1911ರಲ್ಲಿ ಮೈಸೂರು ಆರ್ಥಿಕ ಸಮ್ಮೇಳನ, 1913ರಲ್ಲಿ ಮೈಸೂರು ಬ್ಯಾಂಕ್, 1916ರಲ್ಲಿ ಬೆಂಗಳೂರಿನಲ್ಲಿ ಮೈಸೂರು ವಾಣಿಜ್ಯ ಸಂಘ ಬಂದವು. ವರ್ಷದ ಅವಲೋಕನ ಪಡಸಾಲೆಯಿಂದ ಎದ್ದು ಅಚ್ಚಿನ ವಾರ್ಷಿಕ ವರದಿಗೆ, ಅಧ್ಯಕ್ಷರ ಭಾಷಣಕ್ಕೆ ಬಂದದ್ದು ಹೀಗೆ. 1950ರ ದಶಕದಿಂದ ಧಾರವಾಡ ಆಕಾಶವಾಣಿ ಹಳ್ಳಿಯ ರೈತನ ಕಿವಿಗೂ ಪೇಟೆ ಧಾರಣೆಯನ್ನು ಮುಟ್ಟಿಸಿತು. ಬೆಲೆಯ ಸುದ್ದಿ ತನಗೊಬ್ಬನಿಗೇ ಮೊದಲು ಗೊತ್ತಿರುತ್ತದೆ ಎಂಬ ಸಾವುಕಾರನ ಬಲ ಅಲ್ಲಿಗೆ ಕಡಿಮೆಯಾಯಿತು.

ಸರ್ಕಾರದ ವರ್ಷಕ್ಕೂ ಒಂದು ಅಲೆದಾಟದ ಕತೆಯಿದೆ. ಜೇಮ್ಸ್ ವಿಲ್ಸನ್ 1860ರಲ್ಲಿ ಭಾರತದ ಮೊದಲ ಬಜೆಟ್ ಮಂಡಿಸಿ ಆದಾಯ ತೆರಿಗೆ ಹಾಕಿದಾಗ ಹಣಕಾಸು ವರ್ಷ ಮೇ 1ರಿಂದ ಏಪ್ರಿಲ್ 30ರವರೆಗೆ ಇತ್ತು. 1867ರಲ್ಲಿ ಅದು ಬ್ರಿಟನ್ನಿಗೆ ಹೊಂದಿಕೊಂಡು ಏಪ್ರಿಲ್-ಮಾರ್ಚ್ ಆಯಿತು. 20ನೆಯ ಶತಮಾನದ ಮೈಸೂರು ಸಂಸ್ಥಾನದ ಸರ್ಕಾರಿ ವರ್ಷ ಜುಲೈಯಿಂದ ಜೂನ್. ಬ್ಯಾಂಕುಗಳು ಡಿಸೆಂಬರ್ 31ಕ್ಕೆ ಲೆಕ್ಕ ಮುಚ್ಚುತ್ತಿದ್ದವು. ರಿಸರ್ವ್ ಬ್ಯಾಂಕ್ 1940ರಿಂದ ಎಂಟು ದಶಕ ಜುಲೈ-ಜೂನ್ ವರ್ಷವನ್ನೇ ಇಟ್ಟುಕೊಂಡಿತ್ತು. ಆದಾಯ ತೆರಿಗೆ ಮಾತ್ರ ಈ ವಿಷಯದಲ್ಲಿ ಬಹುಕಾಲ ಉದಾರವಾಗಿತ್ತು. ವರ್ತಕ ತನ್ನ ಲೆಕ್ಕವನ್ನು ಯಾವ ದಿನ ಮುಗಿಸಿದರೂ ಅದನ್ನೇ ಅವನ ‘ಹಿಂದಿನ ವರ್ಷ’ ಎಂದು ಒಪ್ಪುತ್ತಿತ್ತು. ಹುಬ್ಬಳ್ಳಿಯ ಜವಳಿ ವ್ಯಾಪಾರಿ ದೀಪಾವಳಿಗೆ, ಬೆಂಗಳೂರಿನ ಕಾರ್ಖಾನೆ ಡಿಸೆಂಬರಿಗೆ, ಇನ್ನೊಬ್ಬ ಯುಗಾದಿಗೆ ಲೆಕ್ಕ ಮುಚ್ಚಿದರೂ ತೆರಿಗೆ ಅಧಿಕಾರಿ ತಕರಾರು ಮಾಡುವಂತಿರಲಿಲ್ಲ. ತಿಥಿಯ ವರ್ಷ ಒಮ್ಮೆ 354 ದಿನ, ಅಧಿಕಮಾಸ ಬಂದಾಗ 384 ದಿನ ಆಗುತ್ತಿತ್ತು. ಅದಕ್ಕೂ ಇಲಾಖೆ ಹೊಂದಿಕೊಂಡಿತ್ತು.

ಈ ಉದಾರತೆಗೆ ಬೆಲೆಯಿತ್ತು. ಬೇರೆ ಬೇರೆ ಸಂಸ್ಥೆಗಳಿಗೆ ಬೇರೆ ಬೇರೆ ವರ್ಷ ಇಟ್ಟುಕೊಂಡು ಲಾಭವನ್ನು ಒಂದರಿಂದ ಇನ್ನೊಂದಕ್ಕೆ ತಳ್ಳಿ ತೆರಿಗೆಯನ್ನು ಮುಂದೂಡಬಹುದಿತ್ತು. ಹಣಕಾಸು ವರ್ಷವನ್ನು ಪರಿಶೀಲಿಸಿದ ಎಲ್. ಕೆ. ಝಾ ಸಮಿತಿ 1985ರಲ್ಲಿ ಜನವರಿ-ಡಿಸೆಂಬರ್ ವರ್ಷವನ್ನು ಶಿಫಾರಸು ಮಾಡಿತು: ಆ ಹೊತ್ತಿಗೆ ಮುಂಗಾರಿನ ಫಲ ಗೊತ್ತಾಗಿರುತ್ತದೆ, ಬಜೆಟ್ಟಿನ ಅಂದಾಜು ಗಟ್ಟಿಯಾಗಿರುತ್ತದೆ. ಪೇಟೆ ದೀಪಾವಳಿಯನ್ನು ಹಿಡಿದುಕೊಂಡದ್ದೂ ಹೆಚ್ಚುಕಡಿಮೆ ಇದೇ ತರ್ಕದಿಂದ. ಸರ್ಕಾರ ಶಿಫಾರಸನ್ನು ಒಪ್ಪಲಿಲ್ಲ. ಬದಲಿಗೆ 1987ರ ತಿದ್ದುಪಡಿಯ ಮೂಲಕ 1989-90ನೆಯ ನಿರ್ಧಾರಣಾ ವರ್ಷದಿಂದ ಎಲ್ಲ ತೆರಿಗೆದಾರರೂ ಮಾರ್ಚ್ 31ಕ್ಕೇ ಲೆಕ್ಕ ಮುಚ್ಚಬೇಕೆಂದು ಕಡ್ಡಾಯ ಮಾಡಿತು. ಬ್ಯಾಂಕುಗಳೂ ಅದೇ ಹೊತ್ತಿಗೆ ಮಾರ್ಚಿಗೆ ಬಂದವು. ದೀಪಾವಳಿಗೆ ಲೆಕ್ಕ ಮುಚ್ಚುತ್ತಿದ್ದವರು ಆ ಒಂದು ಸಲ ಹಬ್ಬದಿಂದ ಹಬ್ಬಕ್ಕಿದ್ದ ವರ್ಷವನ್ನು ಎಳೆದು ಮಾರ್ಚಿಗೆ ತಂದು ನಿಲ್ಲಿಸಬೇಕಾಯಿತು. ಹತ್ತಿಯ ಪೇಟೆಗೆ ಇದು ಎಡವಟ್ಟಿನ ಸಮಯ: ಮಾರ್ಚ್ ಎಂದರೆ ಹೊಸ ಹತ್ತಿ ಉಗ್ರಾಣ ತುಂಬಿರುವ ಕಾಲ. ಖಾಲಿ ಉಗ್ರಾಣದ ದಿನ ಮಾಡುತ್ತಿದ್ದ ಲೆಕ್ಕವನ್ನು ತುಂಬಿದ ಉಗ್ರಾಣದ ದಿನ ಮಾಡಬೇಕು, ಮಾರದ ಸರಕಿಗೆ ಬೆಲೆ ಕಟ್ಟಬೇಕು.

ಅಲ್ಲಿಂದೀಚೆಗೆ ದೀಪಾವಳಿಯ ವಹಿಯಲ್ಲಿ ಲೆಕ್ಕವಿಲ್ಲ. ಪೂಜೆ ಮಾತ್ರ ನಿಂತಿಲ್ಲ. ಕೆಂಪು ವಹಿಯ ಪಕ್ಕದಲ್ಲಿ ಕಂಪ್ಯೂಟರಿಗೂ ಕುಂಕುಮ ಬೀಳುತ್ತದೆ. 1986ರಲ್ಲಿ ಬೆಂಗಳೂರಿನಲ್ಲಿ ಶ್ಯಾಮಸುಂದರ್ ಗೋಯೆಂಕಾ ತಮ್ಮ ವ್ಯಾಪಾರಕ್ಕೆ ಸರಿಹೊಂದುವ ಲೆಕ್ಕದ ತಂತ್ರಾಂಶ ಸಿಗದೆ, ಮಗ ಭರತ್ ಅವರಿಂದ ಬರೆಸಿದ ಟ್ಯಾಲಿ ಮುಂದೆ ದೇಶದ ಸಣ್ಣಪುಟ್ಟ ಅಂಗಡಿಗಳ ಕಿರ್ದಿ-ಖತಾವಣಿಯ ಜಾಗ ಹಿಡಿಯಿತು. ಅದು ತೆರೆದುಕೊಳ್ಳುವುದು ಏಪ್ರಿಲ್ 1ರ ವರ್ಷಕ್ಕೆ. ಮುಂಬಯಿ ಷೇರುಪೇಟೆ 1957ರಿಂದ ದೀಪಾವಳಿ ದಿನ ಒಂದು ಗಂಟೆ ಮುಹೂರ್ತದ ವಹಿವಾಟು ನಡೆಸುತ್ತ ಬಂದಿದೆ. ದಲಾಲಿ ಸಂಸ್ಥೆಗಳು ಹೊಸ ಸಂವತ್ತಿಗೆ ಕೊಳ್ಳಬೇಕಾದ ಷೇರುಗಳ ಪಟ್ಟಿ ಹೊರಡಿಸುವುದೂ ಆಗಲೇ. ಇವತ್ತಿನ ಅರ್ಘಾಧಿಪತಿಯನ್ನು ಹೇಳುವವರು ಅವರೇ, ಫಲಿತಾಂಶವೂ ತೀರ ಬೇರೆಯಾಗಿಲ್ಲ. 1965ರ ಬೋನಸ್ ಪಾವತಿ ಕಾಯ್ದೆ ಲೆಕ್ಕದ ವರ್ಷ ಮುಗಿದು ಎಂಟು ತಿಂಗಳೊಳಗೆ ಬೋನಸ್ ಕೊಡಬೇಕೆಂದು ಗಡುವು ಇಟ್ಟದ್ದರಿಂದ, ಮಾರ್ಚಿಗೆ ಮುಗಿದ ವರ್ಷದ ಬೋನಸ್ ದೀಪಾವಳಿಯ ಆಸುಪಾಸಿಗೆ ಕೈಸೇರತೊಡಗಿತು. ಗುಮಾಸ್ತನಿಗೆ ಹಬ್ಬದ ಖುಷಿ ಕೊಡುತ್ತಿದ್ದ ಪದ್ಧತಿ ಈ ದಾರಿಯಿಂದ ಕಾಯ್ದೆಯೊಳಗೂ ಉಳಿದುಕೊಂಡಿತು.

ಮುಂದಿನ ವರ್ಷದ ಮಾತು ಈಗ ಫೆಬ್ರವರಿಗೆ ಬಂದಿದೆ. 2017ರಿಂದ ಕೇಂದ್ರ ಬಜೆಟ್ ಫೆಬ್ರವರಿ 1ರಂದು ಮಂಡನೆಯಾಗುತ್ತದೆ. ಯಾವುದು ತುಟ್ಟಿ, ಯಾವುದು ಅಗ್ಗ ಎಂಬ ಪಟ್ಟಿಯನ್ನು ಮರುದಿನದ ಪತ್ರಿಕೆಗಳು ಸಂಕ್ರಾಂತಿ ಪುರುಷನ ವಸ್ತ್ರಾಭರಣ ವಿವರಿಸಿದಂತೆಯೇ ಅಚ್ಚು ಹಾಕುತ್ತವೆ. ಅದೇ ವರ್ಷ ಜುಲೈ 1ರಂದು ಬಂದ ಜಿಎಸ್‌ಟಿ ವರ್ಷಕ್ಕೊಮ್ಮೆ ತಾಳೆ ನೋಡುವ ಕೆಲಸವನ್ನು ತಿಂಗಳಿಗೊಮ್ಮೆ ಮಾಡಿಸಿತು. ಉದ್ರಿಗೂ ಕಾಯ್ದೆಯ ಗಡುವು ಬಂದಿದೆ. 2023-24ರ ಲೆಕ್ಕದಿಂದ ಅತಿ ಸಣ್ಣ ಮತ್ತು ಸಣ್ಣ ಉದ್ದಿಮೆಗಳಿಗೆ ಕೊಡಬೇಕಾದ ಹಣವನ್ನು ಕರಾರಿದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಕೊಡದಿದ್ದರೆ, ಕೊಟ್ಟ ವರ್ಷದವರೆಗೂ ಅದನ್ನು ಖರ್ಚೆಂದು ತೋರಿಸುವಂತಿಲ್ಲ. ದೀಪಾವಳಿಯ ಮುಂಚಿನ ವಸೂಲಿಯ ಓಡಾಟ ಇದರಿಂದ ಮಾರ್ಚ್ ತಿಂಗಳಿಗೆ ಸರಿಯಿತು. 1961ರ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ ಬರುವಂತೆ ರಚಿಸಿದ 2025ರ ಆದಾಯ ತೆರಿಗೆ ಕಾಯ್ದೆ ‘ಹಿಂದಿನ ವರ್ಷ’, ‘ನಿರ್ಧಾರಣಾ ವರ್ಷ’ಗಳ ಜೋಡಿಯನ್ನು ತೆಗೆದು ಒಂದೇ ‘ತೆರಿಗೆ ವರ್ಷ’ ಇಟ್ಟಿದೆ. ಅದರ ಗಡಿ ಏಪ್ರಿಲ್ 1 ಮತ್ತು ಮಾರ್ಚ್ 31ರಲ್ಲೇ ಇದೆ.